ಓಮ್ನಿ ಹಿಂದಿನ ಬ್ರೇಕ್ ಪೈಪಿನ ನಟ್ ಜಾಮ್, ಪೈಪ್ ಸಮೇತ ತಿರುಗ್ತಿದೆ. ಬಿಚ್ಚೋದು ಹೇಗೆ?

ಓಮ್ನಿ 17, ದಾವಣಗೆರೆ

ಗಾಡಿ 2006ರ ಮಾರುತಿ ಓಮ್ನಿ. ಹಿಂದಿನ ಎಡ ಚಕ್ರದ ವೀಲ್ ಸಿಲಿಂಡರ್ (ಆಯಿಲ್ ಒತ್ತಡದಲ್ಲಿ ಬ್ರೇಕ್ ಶೂ ತಳ್ಳೋ ಭಾಗ) ಸೋರ್ತಿದೆ. ಡ್ರಮ್ ಒಳಗೆಲ್ಲ ಬ್ರೇಕ್ ಆಯಿಲ್, ಶೂ ಪೂರ್ತಿ ನೆಂದಿದೆ. ಹೊಸ ಸಿಲಿಂಡರ್, ಹೊಸ ಶೂ ತಂದಾಗಿದೆ. ಪೈಪಿನ ನಟ್ ಮಾತ್ರ ಬಿಚ್ಚೋಕೆ ಆಗ್ತಿಲ್ಲ.

ಎಡ ಸಿಲಿಂಡರಿನ ನಟ್‌ಗೆ 10ರ ಫಿಕ್ಸ್ ಪಾನ ಹಾಕಿ ಒತ್ತಿದ್ದಕ್ಕೆ ಎರಡು ಮೂಲೆ ಸವೆದು ದುಂಡಗಾಗಿವೆ, ನಟ್ ಎಳ್ಳಷ್ಟೂ ಅಲ್ಲಾಡಿಲ್ಲ. ಬಲಗಡೆ ಸಿಲಿಂಡರಿನ ನಟ್ ತಿರುಗುತ್ತೆ, ಆದ್ರೆ ಪೈಪನ್ನೂ ತಿರುಚಿಕೊಂಡು ತಿರುಗುತ್ತೆ. ಕಾಲು ಸುತ್ತಿಗೇ ನಿಲ್ಲಿಸಿದೀನಿ. ಮೂರನೇದು ಬಾಡಿ ಕಡೆಯಿಂದ ಬರೋ ಪೈಪು ರಬ್ಬರ್ ಹೋಸಿಗೆ ಸೇರೋ ಜಾಗ. ಅಲ್ಲಿ ಪಾನ ಒತ್ತಿದ್ರೆ ಬ್ರಾಕೆಟ್ಟೇ ಬಗ್ಗುತ್ತೆ.

ಮುಂಗಾರು ಹಿಂಗಾರು ಎರಡರಲ್ಲೂ ಈ ಗಾಡೀಲಿ ಗೊಬ್ಬರದ ಚೀಲ ಸಾಗಿಸ್ತೀವಿ: ಯೂರಿಯಾ, ಡಿಎಪಿ, ಪೊಟ್ಯಾಷ್. ತಳ ತೊಳೆದಿದ್ದು ಕಡಿಮೆ. 15 ವರ್ಷಕ್ಕೆ ಆರ್‌ಸಿ ರಿನ್ಯೂ ಆಗಿತ್ತು, ಐದು ವರ್ಷ ಮುಗೀತು, ಈಗ ಮತ್ತೆ ಆರ್‌ಟಿಒ ಮುಂದೆ ನಿಲ್ಲಿಸಬೇಕು.

ಕೇಳೋದು ಇಷ್ಟು. ಗ್ಯಾಸ್ ಕಟರ್‌ನಲ್ಲಿ ನಟ್ ಕಾಯಿಸಬಹುದಾ? ಪೈಪ್ ಮುರಿದ್ರೆ ಫ್ರಿಜ್ ರಿಪೇರಿಯವರ ಹತ್ರ ಸಿಗೋ ತಾಮ್ರದ ಪೈಪ್ ಹಾಕಬಹುದಾ? ಏನೂ ಆಗಲಿಲ್ಲ ಅಂದ್ರೆ ಎಡಗಡೆ ಪೈಪನ್ನ ಪ್ಲೈಯರಲ್ಲಿ ಚಪ್ಪಟೆ ಮಾಡಿ ಮಡಚಿ, ಗ್ಯಾರೇಜಿನ ತನಕ 12 ಕಿಲೋಮೀಟರ್ ಓಡಿಸಬಹುದಾ?

ದುರ್ಗ 16, ಚಿತ್ರದುರ್ಗ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಓಡಿಸಬೇಡಿ. ಜೋರಾಗಿ ಬ್ರೇಕ್ ಒತ್ತಿದಾಗ ಪೈಪಿನೊಳಗೆ 70ರಿಂದ 100 ಬಾರ್ ಒತ್ತಡ ಬರುತ್ತದೆ. ಟೈರಿನ ಗಾಳಿ ಎರಡೂವರೆ ಬಾರ್ ಆಸುಪಾಸು, ಹೋಲಿಸಿ ನೋಡಿ. ಮಡಚಿದ ಗೆರೆಯಲ್ಲಿ ತುಕ್ಕು ಹಿಡಿದ ಉಕ್ಕು ಬಿರುಕು ಬಿಟ್ಟರೆ ಆ ಸರ್ಕ್ಯೂಟಿನ ಆಯಿಲ್ ಪೂರ್ತಿ ಹೊರಗೆ, ಪೆಡಲ್ ಕೆಳಗೆ. ಅದೂ ಬ್ರೇಕ್ ಬೇಕಾದ ಹೊತ್ತಿಗೇ. ಬಿರುಕು ಬಿಡದಿದ್ದರೂ ಹಿಂದೆ ಒಂದೇ ಚಕ್ರ ಹಿಡಿಯುತ್ತದೆ, ಮಳೆ ರಸ್ತೆಯಲ್ಲಿ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಕ್ಯಾರಿಯರ್ ಗಾಡಿ ಮೇಲೆ ಹೇರಿಸಿ ಕಳಿಸಿ, ಇಲ್ಲ ನಿಂತಲ್ಲೇ ಕೆಲಸ ಮುಗಿಸಿ.

ಈಗ ನಟ್ ವಿಷಯ. ನೀವು ಹೇಳಿದ ಮೂರು ಜಾಗ ಮೂರು ಬೇರೆ ಕಾಯಿಲೆ. ಎಲ್ಲದಕ್ಕೂ ಒಂದೇ ಮದ್ದು ಹಾಕಿದರೆ ಮೂರೂ ಹಾಳಾಗುತ್ತವೆ.

ಮೊದಲು ಯಾವುದನ್ನು ಉಳಿಸಬೇಕು, ಯಾವುದನ್ನು ಬಲಿ ಕೊಡಬೇಕು ಅಂತ ತೀರ್ಮಾನಿಸಿ. ಎಡಗಡೆ ಸಿಲಿಂಡರ್ ಹೇಗೂ ಹೋಗುವುದು. ಹೋಸಿಗೆ ಇಪ್ಪತ್ತು ವರ್ಷ ಆಗಿದ್ದರೆ ಅದೂ ಹೋಗುವುದೇ. ಹೌಸಿಂಗ್ (ಹಿಂದಿನ ಆಕ್ಸಲಿನ ಕವಚ) ಮೇಲಿನ ಎರಡು ಗಿಡ್ಡ ಪೈಪು ಕೈಯಳತೆಯವು, ಹೊಸದು ಮಾಡುವುದು ಸುಲಭ. ಆದರೆ ಬಾಡಿ ಉದ್ದಕ್ಕೆ ಮುಂದಿನಿಂದ ಹಿಂದಕ್ಕೆ ಬರುವ ಪೈಪು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ತ್ರೆಡ್ಡು, ಹೌಸಿಂಗ್ ಮೇಲೆ ಮೂರು ದಾರಿ ಸೇರುವ ಟೀ ಜಾಯಿಂಟು, ಇವು ಮೂರು ಉಳಿಯಬೇಕು. ಗಿಡ್ಡ ಪೈಪನ್ನು ಉಳಿಸಲು ಹೋಗಿ ದೊಡ್ಡದನ್ನು ಕೆಡಿಸಿಕೊಳ್ಳುವುದೇ ಈ ಕೆಲಸದಲ್ಲಿ ಆಗುವ ಮುಖ್ಯ ತಪ್ಪು.

ಎಡಗಡೆ ನಟ್: ಫಿಕ್ಸ್ ಪಾನ ಎರಡು ಮಗ್ಗುಲನ್ನು ಮಾತ್ರ ಹಿಡಿಯುತ್ತದೆ, ಬಲ ಬಿದ್ದಾಗ ಬಾಯಿ ತೆರೆದುಕೊಂಡು ಮೂಲೆ ಸವೆಸುತ್ತದೆ. ಈ ನಟ್ ಮೆದು, ಒಳಗೆ ಪೈಪಿಗೆ ಜಾಗ ಬಿಟ್ಟಿರುವುದರಿಂದ ಗೋಡೆಯೂ ತೆಳು. ಪೈಪನ್ನು ನಟ್ಟಿನ ಬೆನ್ನಿಗೇ ಹ್ಯಾಕ್ಸಾ ಬ್ಲೇಡಿನಿಂದ ಕುಯ್ದು ಹಾಕಿ. ಪೈಪು ಹೋದ ಮೇಲೆ ಅದು ಸಾಮಾನ್ಯ ಬೋಲ್ಟ್ ತಲೆ ಇದ್ದಂತೆ; ಆರು ಮೂಲೆಯ 10ರ ಉದ್ದ ಸಾಕೆಟ್ ಮೇಲಿಂದ ಕೂರುತ್ತದೆ, ಆರೂ ಮಗ್ಗುಲು ಹಿಡಿಯುತ್ತದೆ. ಹನ್ನೆರಡು ಮೂಲೆಯ ಸಾಕೆಟ್ ಬೇಡ, ಅದು ಮೂಲೆಗೇ ಬಲ ಕೊಡುತ್ತದೆ. ನಿಮ್ಮ ನಟ್ ಈಗಾಗಲೇ ದುಂಡಗಾಗಿದೆ, ಆದ್ದರಿಂದ 10 ಜಾರಬಹುದು. ಇಂಚಿನ ಸೆಟ್ಟಿನ 3/8 ಸಾಕೆಟ್ ಹುಡುಕಿ. ಅದು 9.5 ಮಿ.ಮೀ. ಸವೆದ ನಟ್ಟಿನ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸಿದರೆ ಕಚ್ಚಿಕೊಳ್ಳುತ್ತದೆ, ಆ ಬಡಿತಕ್ಕೆ ತ್ರೆಡ್ಡಿನ ತುಕ್ಕೂ ಸಡಿಲವಾಗುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಸಿಲಿಂಡರ್ ಎಸೆಯುವುದೇ ಆದ್ದರಿಂದ ಅಲ್ಲಿ ಏನು ಮುರಿದರೂ ಚಿಂತೆಯಿಲ್ಲ. ನಟ್ ಬರದೇ ಹೋದರೂ ಪೈಪು ಕುಯ್ದಾಗಿದೆ, ಬ್ಯಾಕ್ ಪ್ಲೇಟಿನ (ಡ್ರಮ್ಮಿನ ಹಿಂಬದಿಯ ತಟ್ಟೆ) ಹಿಂದಿನ ಬೋಲ್ಟ್ ಬಿಚ್ಚಿ ಸಿಲಿಂಡರನ್ನು ನಟ್ ಸಮೇತ ಎತ್ತಿಬಿಡಿ.

ಬಲಗಡೆ ನಟ್: ಇಲ್ಲಿ ತ್ರೆಡ್ ಬಿಟ್ಟಿದೆ. ಹಿಡಿದಿರುವುದು ನಟ್ಟಿನ ತೂತಿಗೂ ಪೈಪಿಗೂ ನಡುವಿನ ತುಕ್ಕು. ಪೈಪಿನ ಮೇಲೆ, ನಟ್ಟಿನ ಬೆನ್ನಿಂದ ಎರಡು ಇಂಚು ದೂರದವರೆಗೆ ತಂತಿ ಬ್ರಷ್ ಹಾಕಿ ಉಜ್ಜಿ, ರಸ್ಟ್ ಆಯಿಲ್ ಆ ಸಂದಿಗೆ ಬಿಡಿ, ರಾತ್ರಿ ಬಿಟ್ಟು ಬೆಳಗ್ಗೆ ಮತ್ತೆ ಬಿಡಿ. ಆಮೇಲೆ ಗಡಿಯಾರದ ನಿಮಿಷದ ಮುಳ್ಳು ಐದು ನಿಮಿಷದಲ್ಲಿ ಸರಿಯುವಷ್ಟು ಆ ಕಡೆ, ಅಷ್ಟೇ ಈ ಕಡೆ, ಹತ್ತಿಪ್ಪತ್ತು ಸಲ ಆಡಿಸಿ. ಪೈಪಿನ ಮೇಲೆ ಕಣ್ಣಿಡಿ. ನಟ್ ಆಡುವಾಗ ಪೈಪು ನಿಂತಲ್ಲೇ ನಿಂತರೆ ಗೆದ್ದಿರಿ. ಪೈಪಿನ ಮೇಲೆ ಜಿಲೇಬಿ ಸುತ್ತಿದಂತೆ ಗೆರೆ ಮೂಡಲು ಶುರುವಾದರೆ ಆ ಪೈಪಿನ ಕತೆ ಮುಗಿಯಿತು, ಕುಯ್ಯಿರಿ. ಒಮ್ಮೆ ತಿರುಚಿದ ಪೈಪನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬಾರದು. ನೀವು ಕಾಲು ಸುತ್ತು ತಿರುಚಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಅದೂ ಹೋದ ಹಾಗೇ.

ಹೋಸ್ ಜಾಯಿಂಟು: ಇಲ್ಲಿ ಉಳಿಸಬೇಕಾದ್ದು ಬಾಡಿ ಕಡೆಯ ಉದ್ದ ಪೈಪು. ಬ್ರಾಕೆಟ್ ಬಗ್ಗುತ್ತಿದೆ ಅಂದರೆ ಹೋಸಿನ ಕಡೆಯನ್ನು ಯಾರೂ ಹಿಡಿದಿಲ್ಲ ಅಂತ ಅರ್ಥ. ಪೈಪಿನ ನಟ್ ತಿರುಗಿಸುವುದನ್ನೇ ಬಿಟ್ಟುಬಿಡಿ. ಹೋಸನ್ನು ಅದರ ಲೋಹದ ತುದಿಯ ಪಕ್ಕದಲ್ಲೇ ಚಾಕುವಿನಿಂದ ಕುಯ್ಯಿರಿ, ಬ್ರಾಕೆಟ್ಟಿನ ಕ್ಲಿಪ್ಪನ್ನು ಪ್ಲೈಯರಲ್ಲಿ ಎಳೆದು ತೆಗೆಯಿರಿ. ಈಗ ಹೋಸಿನ ಲೋಹದ ತುದಿ ಸ್ವತಂತ್ರ. ಪೈಪಿನ ನಟ್ಟನ್ನು ಫ್ಲೇರ್ ನಟ್ ಪಾನದಲ್ಲಿ ಅಲ್ಲಾಡದಂತೆ ಹಿಡಿದು, ಹೋಸಿನ ತುದಿಯ ಆರುಮೂಲೆಗೆ ಸಾಕೆಟ್ ಹಾಕಿ *ಅದನ್ನು* ತಿರುಗಿಸಿ. ನಟ್ಟೂ ಪೈಪೂ ನಿಂತಲ್ಲೇ ಇರುತ್ತವೆ, ಹೋಸ್ ತುದಿ ಅವುಗಳ ಮೇಲಿಂದ ಬಿಚ್ಚಿಕೊಂಡು ಬರುತ್ತದೆ. ಪೈಪಿಗೆ ಒಂದು ಎಳೆಯಷ್ಟೂ ತಿರುಚು ಬೀಳುವುದಿಲ್ಲ.

ಫ್ಲೇರ್ ನಟ್ ಪಾನ ಅಂದರೆ ರಿಂಗ್ ಪಾನದ ಒಂದು ಕಡೆ ಪೈಪು ತೂರುವಷ್ಟು ಬಾಯಿ ಬಿಟ್ಟಿರುವುದು. 10-11 ಒಂದು ತಗೊಳ್ಳಿ. ಇಡೀ ಕೆಲಸದಲ್ಲಿ ದುಡ್ಡು ಕೊಟ್ಟು ತರಬೇಕಾದ ಒಂದೇ ಒಂದು ಉಪಕರಣ ಅದು.

ಪಿಬಿ ರಸ್ತೆ, ದಾವಣಗೆರೆ

ದುರ್ಗದವ್ರು ಹೇಳಿದ್ದು ಸರಿ ಐತ್ರಿ. ಆದ್ರ ಕುಯ್ಯೋಕೂ ಮೊದ್ಲು ಆಯಿಲ್‌ಗೆ ಟೈಮ್ ಕೊಟ್ಟು ನೋಡ್ರಿ. ಡಬ್ಲ್ಯುಡಿ 40 ಡಬ್ಬಿ ಹೊಡೆದು ಹತ್ತು ನಿಮಿಷಕ್ಕ ಪಾನ ಹಾಕಿದ್ರ ಏನೂ ಆಗಂಗಿಲ್ಲ. ಅಸಿಟೋನು, ಪವರ್ ಸ್ಟೀರಿಂಗಿಗೆ ಹಾಕೋ ಕೆಂಪು ಎಟಿಎಫ್ ಆಯಿಲ್ಲು, ಅರ್ಧಕ್ಕರ್ಧ ಕಲಸ್ರಿ. ಅಸಿಟೋನ್ ನೀರಿನಂಗ ಒಳಗ ಇಳೀತೈತಿ, ಆಯಿಲ್ಲನ್ನೂ ಎಳ್ಕೊಂಡು ಹೋಗ್ತೈತಿ. ಗಾಜಿನ ಬಾಟ್ಲಿ ಇಲ್ಲಾ ಸ್ಟೀಲ್ ಲೋಟದಾಗ ಕಲಸ್ರಿ, ಕೆಲವು ಪ್ಲಾಸ್ಟಿಕ್ ಕರಗ್ತಾವು. ನಿಂತ್ರ ಬೇರೆ ಬೇರೆ ಆಗ್ತೈತಿ, ಪ್ರತಿ ಸಲ ಅಲ್ಲಾಡಿಸಿ ಎರಡೆರಡು ಹನಿ ಬಿಡ್ರಿ. ಮುಂಜಾನೆ ಸಂಜೆ ಎರಡು ದಿನ. ಪ್ರತಿ ಸಲ ಹನಿ ಬಿಟ್ಟ ಮ್ಯಾಲ ನಟ್ಟಿನ ಮಗ್ಗುಲಿಗೆ ಸಣ್ಣ ಸುತ್ತಿಗೀಲೆ ಟಕ್ ಟಕ್ ಅಂತ ಹತ್ತು ಏಟು, ಎದುರು ಮಗ್ಗುಲಿಗೆ ಇನ್ನೊಂದು ಭಾರದ ಸುತ್ತಿಗೆ ಆನಿಸಿ ಹಿಡೀರಿ. ತುಕ್ಕಿನ ಪದರ ಒಡೆದ್ರ ಮಾತ್ರ ಆಯಿಲ್ಲಿಗೆ ದಾರಿ. ಬೀಡಿ ಸಿಗರೇಟು ಹತ್ರ ತರಬ್ಯಾಡ್ರಿ, ಅಸಿಟೋನ್ ಹಬೆ ನೆಲದ ಮ್ಯಾಲ ಹರಿದು ದೂರದ ಬೆಂಕಿ ಹಿಡೀತೈತಿ.

ಅದಕ್ಕೂ ಬಗ್ಗಲಿಲ್ಲ ಅಂದ್ರ ಕೊನೀಗೆ ಗ್ಯಾಸ್ ಹಚ್ರಿ, ನಟ್ ಕೆಂಪಾದ್ರ ತಾನೇ ಬಿಡ್ತೈತಿ.

ಹೌಸಿಂಗ್ ಕೆಳಗೆ, ಚಳ್ಳಕೆರೆ

ಆಯಿಲ್ ವಿಷಯ ಒಪ್ಪಿದೆ. ಗ್ಯಾಸ್ ವಿಷಯ ಒಪ್ಪಲಾರೆ, ಇದನ್ನು ಓದುವ ಬೇರೆಯವರಿಗೋಸ್ಕರವೂ ಕಾರಣ ಬಿಡಿಸಿ ಬರೆಯುತ್ತೇನೆ.

ವೀಲ್ ಸಿಲಿಂಡರ್ ಒಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ ಇರುವುದು ನಟ್ಟಿನಿಂದ ಒಂದೆರಡು ಸೆಂಟಿಮೀಟರ್ ದೂರದಲ್ಲಿ. ನಟ್ ಕೆಂಪಾಗುವ ಹೊತ್ತಿಗೆ ಅದು ಸುಟ್ಟು ಹೋಗಿರುತ್ತದೆ. ಎಡಗಡೆ ಸಿಲಿಂಡರ್ ಹೇಗೂ ಎಸೆಯುವುದು ಅನ್ನಬಹುದು. ಆದರೆ ಪೈಪಿನೊಳಗೆ ಬ್ರೇಕ್ ಆಯಿಲ್ ನಿಂತಿದೆ. ಅದಕ್ಕೆ ಬೆಂಕಿ ಹತ್ತುತ್ತದೆ. ಮುಚ್ಚಿದ ಪೈಪಿನಲ್ಲಿ ಕುದಿದರೆ ಆವಿ ಒತ್ತಡ ಕಟ್ಟಿ, ಸಡಿಲಾದ ಜಾಯಿಂಟಿನಿಂದ ಜ್ವಾಲೆಯ ಮೇಲೇ ಚಿಮ್ಮುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿಗೆ ಕುದಿಯುತ್ತದೆ, ನೀರು ಹೀರಿದ ಹಳೆಯದು 140ಕ್ಕೇ. ಕೆಂಪು ಬಣ್ಣ ಕಾಣುವುದಕ್ಕೆ ಉಕ್ಕು 500 ಡಿಗ್ರಿ ದಾಟಬೇಕು. ಇನ್ನು ಓಮ್ನಿಯ ತಳದಲ್ಲಿ ಪೆಟ್ರೋಲ್ ಟ್ಯಾಂಕು, ಪೆಟ್ರೋಲ್ ಪೈಪು, ಕೆಲವು ಗಾಡಿಯಲ್ಲಿ ಎಲ್‌ಪಿಜಿ ಕೂಡ. ಗಾಡಿ ಕೆಳಗೆ ಮಲಗಿದವನು ತಪ್ಪಿಸಿಕೊಳ್ಳುವುದು ಯಾವ ಕಡೆಯಿಂದ?

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಹಾಕಿದ ಬಗೆಯೂ ಉಂಟು. ಅದು ಹೊಡೆದ ಜಾಗಕ್ಕೆ ಬೆಂಕಿ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಕ್ಲೀನರ್ ಹೊಡೆದು ಕಾಯಿಸುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ.

ಶಾಖ ಎಲ್ಲಿ ಕೊಡಬಹುದು? ಗಾಡಿಯಿಂದ ಬಿಚ್ಚಿ ತಂದ ಭಾಗಕ್ಕೆ. ಉದಾಹರಣೆಗೆ ಹೌಸಿಂಗ್ ಮೇಲಿನ ಟೀ. ಮೂರೂ ಪೈಪನ್ನು ಕುಯ್ದು, ಟೀ ಹಿಡಿದಿರುವ ಒಂದೇ ಬೋಲ್ಟ್ ಬಿಚ್ಚಿ ತಂದು, ನೀರಲ್ಲಿ ತೊಳೆದು ಒಣಗಿಸಿ ವೈಸ್‌ಗೆ ಕಟ್ಟಿ. ಅದರಲ್ಲಿ ರಬ್ಬರ್ ಇಲ್ಲ, ಆಯಿಲ್ ಇಲ್ಲ. ಸಣ್ಣ ಬ್ಯುಟೇನ್ ಟಾರ್ಚ್ ಸಾಕು. ಕೆಂಪಾಗಬೇಕಿಲ್ಲ, ಟೀಯ ಹೊರಮೈ ಕಾದು ಹಿಗ್ಗಿದಾಗಲೇ ಆರು ಮೂಲೆಯ ಸಾಕೆಟ್ ಹಾಕಿ ತಿರುಗಿಸಿ. ಕಾಯಿಸಿ, ಆರಲು ಬಿಟ್ಟು, ಮತ್ತೆ ಕಾಯಿಸಿ. ಎರಡು ಮೂರು ಸಲಕ್ಕೆ ಬರುತ್ತದೆ. ಮಾಸ್ಟರ್ ಸಿಲಿಂಡರಿಗೆ ಮಾತ್ರ ಯಾವ ಕಾರಣಕ್ಕೂ ಬೆಂಕಿ ತೋರಿಸಬೇಡಿ.

ಆಯಿಲ್ ಬಗ್ಗೆಯೂ ಒಂದು ಎಚ್ಚರಿಕೆ. ಬ್ರೇಕಿನ ರಬ್ಬರು ಪೆಟ್ರೋಲಿಯಂ ಎಣ್ಣೆಗೆ ಆಗಿಬರುವುದಿಲ್ಲ. ಎಟಿಎಫ್, ಡೀಸೆಲ್, ಎಂಜಿನ್ ಆಯಿಲ್, ಗ್ರೀಸ್, ಯಾವುದು ಒಳಗೆ ಸೇರಿದರೂ ಕಪ್ ಊದಿಕೊಂಡು ಮೆತ್ತಗಾಗುತ್ತದೆ, ಬ್ರೇಕ್ ಒತ್ತಿದ್ದು ವಾಪಸ್ ಬಿಡದೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ನಟ್ ಒಂದು ಸುತ್ತು ಸಡಿಲಾದ ಕೂಡಲೇ ನಿಲ್ಲಿಸಿ. ಸುತ್ತಲಿನ ಎಣ್ಣೆ, ತುಕ್ಕಿನ ಪುಡಿ ಎಲ್ಲ ಬಟ್ಟೆಯಿಂದ ಒರೆಸಿ, ಬ್ರೇಕ್ ಕ್ಲೀನರ್ ಹೊಡೆದು ತೊಳೆದ ಮೇಲೆ ಉಳಿದದ್ದು ಬಿಚ್ಚಿ. ಈ ಮಧ್ಯದ ಎರಡು ನಿಮಿಷ ಬಿಟ್ಟವರಿಗೆ ಮುಂದೆ ಮಾಸ್ಟರ್ ಸಿಲಿಂಡರ್ ಕೂಡ ಹೋಗಬಹುದು.

ಗಾಡಿ ಎತ್ತುವಾಗ ಜಾಕ್ ಮೇಲೇ ನಂಬಿಕೆ ಇಟ್ಟು ಕೆಳಗೆ ಹೋಗಬೇಡಿ. ಹಾಲೋ ಬ್ಲಾಕ್ ಸಿಮೆಂಟ್ ಇಟ್ಟಿಗೆಯೂ ಬೇಡ, ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಎರಡು ಕಬ್ಬಿಣದ ಸ್ಟ್ಯಾಂಡು, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಇಡಿ. ಹಳೆ ಶೂ ಪುಡಿಗೆ ಗಾಳಿ ಹೊಡೆಯಬೇಡಿ, ಹಳೆ ಲೈನರಿನಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಪಿಬಿ ರಸ್ತೆ, ದಾವಣಗೆರೆ

ಒಪ್ಪಿದೆ ಅಣ್ಣಾರ. ಟೀ ಬಿಚ್ಚಿ ತಂದು ಕಾಯಿಸೋದು ಅಂತ ಬರೀಬೇಕಿತ್ತು. ಗಾಡಿ ಕೆಳಗ ಗ್ಯಾಸ್ ಬ್ಯಾಡ, ನನ್ನ ಮಾತು ವಾಪಸ್.

ಓಮ್ನಿ 17, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಹಾಗಾದ್ರೆ ಹೌಸಿಂಗ್ ಮೇಲಿನ ಎರಡೂ ಪೈಪ್ ಕುಯ್ದು ಹೊಸದು, ಹೋಸೂ ಹೊಸದು. ಹೋಸ್ ತುದಿ ತಿರುಗಿಸೋ ಉಪಾಯ ಇವತ್ತು ಮಾಡಿದೆ, ಪೈಪ್ ಉಳೀತು.

ಕಂಪನಿ ಪೈಪ್ ಎಡಗಡೇದು ಸಿಗ್ತು, ಬಲಗಡೇದು ಆರ್ಡರ್ ಹಾಕಿದ್ರೆ ಬರುತ್ತೆ ಅಂದ್ರು. ಅಲ್ಲೀತನಕ ಕಾಯೋದಾ, ಇಲ್ಲ ಇಲ್ಲೇ ಮಾಡಿಸೋದಾ? ಮಾಡಿಸೋದಾದ್ರೆ ಯಾವ ಪೈಪು, ಯಾವ ನಟ್ಟು?

ಹರಿಹರ ಲೇತ್, ಹರಿಹರ

ಗಾಡಿ ನಿಂತರೂ ನಡೆಯುತ್ತೆ ಅನ್ನೋದಾದ್ರೆ ಕಾಯಿರಿ. ಬಾಗು, ಫ್ಲೇರು (ಪೈಪಿನ ತುದಿಯ ಅಗಲಿಸಿದ ಬಾಯಿ), ನಟ್ಟು ಎಲ್ಲ ಸರಿಯಾಗಿ ಬಂದಿರುತ್ತೆ. ಕಾಯೋಕಾಗಲ್ಲ ಅಂದ್ರೆ ಮಾಡಿಸಬಹುದು, ಆದ್ರೆ ಯಾರು ಮಾಡ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಫ್ರಿಜ್ಜಿನ ತಾಮ್ರದ ಪೈಪು ಬೇಡವೇ ಬೇಡ. ಬರೀ ತಾಮ್ರ ಹೌಸಿಂಗಿನ ಕುಲುಕಾಟಕ್ಕೆ ದಿನ ಕಳೆದಂತೆ ಗಡುಸಾಗಿ, ಫ್ಲೇರಿನ ಕುತ್ತಿಗೆಯಲ್ಲಿ ಸುತ್ತಲೂ ಸೀಳುತ್ತೆ. ಹೊರಗಡೆ ಯಾವ ಗುರುತೂ ಇರಲ್ಲ. ತಾಮ್ರದ ಬಣ್ಣದ್ದೇ ಬೇಕು ಅಂದ್ರೆ ತಾಮ್ರ-ನಿಕಲ್ ಪೈಪು ಅಂತ ಬೇರೆಯೇ ಬರುತ್ತೆ, ನೂರಕ್ಕೆ 90 ಪಾಲು ತಾಮ್ರ, 10 ಪಾಲು ನಿಕಲ್. ಬ್ರೇಕಿಗೆಂದೇ ಮಾಡಿದ್ದು, ತುಕ್ಕು ಹಿಡಿಯಲ್ಲ, ಕೈಯಲ್ಲೇ ಬಾಗುತ್ತೆ. ಆನ್‌ಲೈನ್‌ನಲ್ಲಿ ಸುರುಳಿ ಸಿಗುತ್ತೆ. ಇಲ್ಲಾಂದ್ರೆ ಬ್ರೇಕಿನ ಉಕ್ಕಿನ ಪೈಪೇ ಸರಿ, ಎರಡು ಪದರ ಸುತ್ತಿ ಬೆಸೆದದ್ದು. ಹೊರಗಿನ ಅಳತೆ 4.75 ಮಿ.ಮೀ. ಹಳೆ ಪೈಪಿನ ತುಂಡು ಅಂಗಡಿಗೆ ಒಯ್ದು ವರ್ನಿಯರ್ ಹಿಡಿದು ನೋಡಿ ತಗೊಳ್ಳಿ.

ನಟ್ಟು ಎಂ10, ಅಂದ್ರೆ ತ್ರೆಡ್ಡಿನ ದಪ್ಪ 10 ಮಿ.ಮೀ.; ಪಿಚ್, ಅಂದ್ರೆ ತ್ರೆಡ್ಡಿನ ಒಂದು ಸುತ್ತಿಂದ ಮುಂದಿನ ಸುತ್ತಿಗೆ ಇರೋ ಅಂತರ, 1 ಮಿ.ಮೀ. ಇಲ್ಲಿ ಜನ ಮೋಸ ಹೋಗ್ತಾರೆ. ಹಾರ್ಡ್‌ವೇರ್ ಅಂಗಡೀಲಿ ಸಿಗೋ ಮಾಮೂಲಿ 10ರ ಬೋಲ್ಟ್ ಪಿಚ್ 1.5, ಸ್ವಲ್ಪ ನಯವಾದದ್ದು 1.25. ಎರಡೂ ನಿಮ್ಮ ಸಿಲಿಂಡರಿಗೆ ಎರಡು ಸುತ್ತು ಹೋಗಿ ಕಚ್ಚುತ್ತವೆ. ಬಲ ಹಾಕಿದ್ರೆ ಹೊಸ ಸಿಲಿಂಡರಿನ ತ್ರೆಡ್ ಅಲ್ಲೇ ಗೋವಿಂದ. ಆಯಿಲ್ ನಿಲ್ಲಿಸೋಕೆ ಅಂತ ಯಾವುದೋ ಬೋಲ್ಟ್ ಬಿಗಿಯೋದೂ ಇದೇ ತಪ್ಪು. ನಟ್ಟನ್ನ ಕೈಬೆರಳಲ್ಲೇ ತಿರುಗಿಸಿ ನೋಡಿ, ನಾಲ್ಕೈದು ಸುತ್ತು ಸಲೀಸಾಗಿ ಹೋದ್ರೆ ಮಾತ್ರ ಅದು ನಿಮ್ಮ ನಟ್ಟು.

ಈಗ ಫ್ಲೇರು. ಕುಯ್ದ ಹಳೆ ತುಂಡಿನ ತುದಿ ತೊಳೆದು ಬೆಳಕಿಗೆ ಹಿಡಿದು ನೋಡಿ. ಅಂಚು ಒಳಗಡೆಗೆ ಮಡಚಿ ಎರಡು ಪದರ ಆಗಿರುತ್ತೆ, ಪುಟ್ಟ ಆಲಿಕೆಯ ಹಾಗೆ. ಇದು ಡಬಲ್ ಫ್ಲೇರ್, 45 ಡಿಗ್ರಿ. ಫ್ರಿಜ್, ಏಸಿ ರಿಪೇರಿಯವರ ಟೂಲು ಒಂದೇ ಪದರದ ಫ್ಲೇರ್ ಮಾಡುತ್ತೆ. ನೋಡೋಕೆ ಹಾಗೇ ಕಾಣುತ್ತೆ, ಬಿಗಿದಾಗ ಮೊದಲ ದಿನ ಸೋರೋದೂ ಇಲ್ಲ. ಆದ್ರೆ ಒಂದು ಪದರದ ಉಕ್ಕು ಬಿಗಿತಕ್ಕೆ ಅಂಚಲ್ಲಿ ಸೀಳ್ತಾ ಹೋಗುತ್ತೆ. ಯುರೋಪಿನ ಕೆಲವು ಗಾಡೀಲಿ ಅಣಬೆ ತಲೆಯಂಥ ಉಬ್ಬು ಫ್ಲೇರ್ ಬರುತ್ತೆ, ಅದೂ ಇಲ್ಲಿ ಕೂರಲ್ಲ. ಹಳೇದು ಹೇಗಿತ್ತೋ ಹಾಗೇ.

ಮಾಡೋ ರೀತಿ. ಉದ್ದ ಅಳೆಯೋಕೆ ಹಳೆ ಪೈಪಿನ ಬಾಗಿನ ಮೇಲೆಲ್ಲ ಕಟ್ಟುತಂತಿ ಆನಿಸಿಕೊಂಡು ಹೋಗಿ, ಆಮೇಲೆ ತಂತಿ ನೆಟ್ಟಗೆ ಮಾಡಿ ಅಳೆಯಿರಿ. ಎರಡೂ ತುದಿ ಫ್ಲೇರಿಗೆ ಅಂತ ಸೇರಿಸಿ ಒಂದು ಸೆಂಟಿಮೀಟರ್ ಹೆಚ್ಚಿಗೆ ಬಿಡಿ. ಹೊಸ ಪೈಪಿಗೆ ಹ್ಯಾಕ್ಸಾ ಬೇಡ, ಚಕ್ರದ ಟ್ಯೂಬ್ ಕಟರ್. ಒಂದೊಂದು ಸುತ್ತಿಗೆ ಸ್ವಲ್ಪ ಸ್ವಲ್ಪ ಬಿಗಿ. ಅವಸರ ಮಾಡಿದ್ರೆ ಬಾಯಿ ಒಳಗೆ ಮುದುಡುತ್ತೆ. ತುದಿ ಸಣ್ಣ ಅರದಲ್ಲಿ ಸಮ ಮಾಡಿ, ಒಳಗಿನ ಅಂಚಿನ ಗರಿ ಕೆರೆದು ತೆಗೆದು, ಗಾಳಿ ಹೊಡೆಯಿರಿ. ಆಮೇಲೆ ನಟ್ಟನ್ನ ಮೊದಲು ಪೈಪಿಗೆ ತೂರಿಸಿ, ತ್ರೆಡ್ ಇರೋ ಕಡೆ ತುದಿಯ ಕಡೆಗೆ. ಎರಡೂ ತುದಿ ಫ್ಲೇರ್ ಆದ ಮೇಲೆ ನಟ್ ನೆನಪಾದ್ರೆ ಪೈಪ್ ವೇಸ್ಟು.

ಟೂಲಿನ ಹಿಡಿಯಲ್ಲಿ 4.75 ತೂತಿಗೆ ಪೈಪ್ ಕಟ್ಟಿ. ಹೊರಗೆ ಎಷ್ಟು ಚಾಚಬೇಕು ಅನ್ನೋದಕ್ಕೆ ಅಡಾಪ್ಟರ್ ಗುಂಡಿಯ ಮೆಟ್ಟಿಲೇ ಅಳತೆ. ಅದನ್ನ ಪಕ್ಕಕ್ಕೆ ಇಟ್ಟು ಸರಿ ಸಮ ಮಾಡಿ. ಹೆಚ್ಚಾದ್ರೆ ಫ್ಲೇರ್ ಒಂದು ಕಡೆಗೆ ವಾಲುತ್ತೆ, ಕಡಿಮೆಯಾದ್ರೆ ಎರಡನೇ ಪದರ ಪೂರ್ತಿ ಮಡಚಲ್ಲ. ತುದಿಗೆ ಒಂದು ಹನಿ ಬ್ರೇಕ್ ಆಯಿಲ್, ಬೇರೆ ಎಣ್ಣೆ ಅಲ್ಲ. ಅಡಾಪ್ಟರ್ ಕೂರಿಸಿ ಸ್ಕ್ರೂ ಬಿಗೀತಾ ಬನ್ನಿ, ಅಡಾಪ್ಟರಿನ ಹೊಟ್ಟೆ ಹಿಡಿಗೆ ತಾಗಿದ ಕೂಡಲೇ ನಿಲ್ಲಿಸಿ. ಇದು ಮೊದಲ ಮಡಿಕೆ. ಅಡಾಪ್ಟರ್ ತೆಗೆದು ಬರೀ ಕೋನ್ ಇಟ್ಟು ಮತ್ತೆ ಬಿಗಿಯಿರಿ, ಎರಡನೇ ಪದರ ಒಳಗೆ ಮಡಚಿ ಕೂರುತ್ತೆ.

ಅಗ್ಗದ ಟೂಲಿನಲ್ಲಿ ಉಕ್ಕಿನ ಪೈಪು ಹಿಡಿಯಿಂದ ಹಿಂದಕ್ಕೆ ಜಾರುತ್ತೆ, ಅದಕ್ಕೇ ಫ್ಲೇರ್ ಗಿಡ್ಡ ಆಗೋದು. ಹಿಡಿಯನ್ನ ವೈಸ್‌ಗೆ ಕಟ್ಟಿ, ಎರಡೂ ರೆಕ್ಕೆ ನಟ್ ಪಾನದಲ್ಲಿ ಬಿಗಿಯಿರಿ. ಬೇಡದ ತುಂಡಿನ ಮೇಲೆ ನಾಲ್ಕೈದು ಫ್ಲೇರ್ ಮಾಡಿ ಕೈ ಕುದುರಿದ ಮೇಲೆ ಅಸಲಿ ಪೈಪಿಗೆ ಬನ್ನಿ. ಫ್ಲೇರ್ ಮುಖ ಕನ್ನಡಿಯಂತೆ ನಯ ಇರಬೇಕು, ತೂತು ನಡುಮಧ್ಯ ಇರಬೇಕು, ಅಂಚಲ್ಲಿ ಬಿರುಕು ಇರಬಾರದು. ಮೂರರಲ್ಲಿ ಒಂದು ತಪ್ಪಿದ್ರೂ ಕುಯ್ದು ಮತ್ತೆ ಮಾಡಿ.

ನಿಮಗೆ ಟೂಲ್ ಇಲ್ಲ ಅಂದ್ರೆ ಹರಿಹರಕ್ಕೆ 15 ಕಿಲೋಮೀಟರೂ ಇಲ್ಲ. ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸ್ತಿದ್ದ ಊರು ಇದು, ಅಳತೆ ಅಂದ್ರೆ ಗೊತ್ತಿರೋ ಕೈಗಳು ಇನ್ನೂ ಇವೆ. ಮಾಡೋರ ಹತ್ರ ‘ಡಬಲ್ ಫ್ಲೇರ್ ಅಡಾಪ್ಟರ್ ತೋರಿಸಿ’ ಅನ್ನಿ. ತೋರಿಸಿದ್ರೆ ಮಾತ್ರ ಪೈಪ್ ಕೊಡಿ.

ಬಾಗಿಸುವಾಗ ಸ್ಪ್ರಿಂಗ್ ಇಲ್ಲಾ ಸಣ್ಣ ಬೆಂಡರ್ ಬಳಸಿ. ಬಾಗಿನಲ್ಲಿ ಪೈಪು ಮೊಟ್ಟೆಯಾಕಾರ ಆಯ್ತು ಅಂದ್ರೆ ತೀರಾ ಗಿಡ್ಡ ಬಾಗು ಅಂತ.

ಓಮ್ನಿ 17, ದಾವಣಗೆರೆ

ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ ಸರ್. ಎರಡು ಸಣ್ಣ ಪ್ರಶ್ನೆ. ಬಾಡಿ ಉದ್ದದ ಪೈಪಿನಲ್ಲಿ, ಹಿಂದಿನ ಚಕ್ರದ ಮುಂದೆ ಒಂದು ಕ್ಲಿಪ್ ಕೆಳಗೆ ತುಕ್ಕು ಉಬ್ಬಿದೆ. ಪೂರ್ತಿ ಬದಲಿಸಬೇಕಾ, ಆ ತುಂಡು ಮಾತ್ರ ಬದಲಿಸಿ ಜಾಯಿಂಟ್ ಹಾಕಬಹುದಾ? ಮಾಸ್ಟರ್ ಸಿಲಿಂಡರ್ ಕಡೆ ನಟ್ ಮುಟ್ಟೋಕೇ ಭಯ. ಮತ್ತೆ ಜೋಡಿಸುವಾಗ ಎಷ್ಟು ಬಿಗಿ?

ದುರ್ಗ 16, ಚಿತ್ರದುರ್ಗ

ಕ್ಲಿಪ್ ತೆಗೆದು ತಂತಿ ಬ್ರಷ್ ಹಾಕಿ. ಹೊಳೆಯುವ ಲೋಹ ಬಂದು ಮೇಲ್ಮೈ ನಯವಾಗಿದ್ದರೆ ಬಣ್ಣ ಬಳಿದು ಬಿಡಿ. ಉಗುರಿಗೆ ಸಿಗುವ ಗುಳಿ ಇದ್ದರೆ ಆ ಪೈಪಿಗೆ ನಂಬಿಕೆ ಇಲ್ಲ. ಪೈಪಿನ ಗೋಡೆ ಒಟ್ಟು 0.7 ಮಿ.ಮೀ. ಆಸುಪಾಸು, ಗುಳಿ ಎಷ್ಟು ಆಳ ಹೋಗಿದೆ ಅಂತ ಹೊರಗಿನಿಂದ ತಿಳಿಯದು.

ಮಾಸ್ಟರ್ ಸಿಲಿಂಡರ್ ಕಡೆಯ ನಟ್ ಒಣಗಿದ್ದು ಸೋರುತ್ತಿಲ್ಲ, ಮುಂದಿನ ಭಾಗದ ಪೈಪು ಶುದ್ಧವಾಗಿದೆ ಅಂದರೆ ಅದನ್ನು ಮುಟ್ಟದಿರುವುದೇ ಬುದ್ಧಿವಂತಿಕೆ. ಒಳ್ಳೆಯ ಪೈಪು ಇರುವ ನೆಟ್ಟನೆಯ ಜಾಗದಲ್ಲಿ ಕುಯ್ದು, ಅಲ್ಲಿ ಡಬಲ್ ಫ್ಲೇರ್ ಮಾಡಿ, ಎರಡು ನಟ್ಟು, ಎರಡು ಪೈಪನ್ನು ಜೋಡಿಸುವ ಒಂದು ಬ್ರೇಕ್ ಯೂನಿಯನ್ ಹಾಕಿ ಅಲ್ಲಿಂದ ಹಿಂದಕ್ಕೆ ಹೊಸ ಪೈಪು ಎಳೆಯಿರಿ. ಫ್ಲೇರ್ ಟೂಲ್ ಗಾಡಿ ಕೆಳಗೆ ಹಿಡಿಸುವಷ್ಟು ಜಾಗ ಇರುವ ಕಡೆ ಕುಯ್ಯಿರಿ, ಮೊದಲೇ ಟೂಲ್ ಹಿಡಿದು ನೋಡಿಕೊಳ್ಳಿ. ಉಂಗುರ ಹಾಕಿ ಬಿಗಿಯುವ ಕಂಪ್ರೆಷನ್ ಜಾಯಿಂಟು, ಅಂದರೆ ಗ್ಯಾಸ್ ಪೈಪಿಗೆ, ನೀರಿಗೆ ಹಾಕುತ್ತಾರಲ್ಲ, ಅದು ಬ್ರೇಕಿಗೆ ನಿಷಿದ್ಧ. ಆ ಒತ್ತಡಕ್ಕೆ ಪೈಪು ಉಂಗುರದಿಂದ ಜಾರಿ ಹೊರಬರುತ್ತದೆ.

ಬಿಗಿತ ಸುಮಾರು 16 ನ್ಯೂಟನ್ ಮೀಟರ್. ಟಾರ್ಕ್ ಪಾನ ಇಲ್ಲದಿದ್ದರೆ 12 ಸೆಂಟಿಮೀಟರ್ ಉದ್ದದ ಪಾನದ ತುದಿಯಲ್ಲಿ 13 ಕೆಜಿಯಷ್ಟು ಒತ್ತು, ಒಂದು ಕೈಯ ಬಲ. ಮೊದಲು ಬೆರಳಲ್ಲಿ ಪೂರ್ತಿ ತಿರುಗಿಸಿ, ಆಮೇಲೆ ಸಿಲಿಂಡರಿನ ಬೋಲ್ಟ್ ಬಿಗಿಯಿರಿ, ಕೊನೆಗೆ ನಟ್. ಸಿಲಿಂಡರ್ ಮೊದಲೇ ಬಿಗಿದರೆ ಪೈಪು ಓರೆಯಾಗಿ ಬಂದು ತ್ರೆಡ್ ಅಡ್ಡ ಹತ್ತುತ್ತದೆ. ಸೋರಿದರೆ ಇನ್ನಷ್ಟು ಬಿಗಿಯಬೇಡಿ. ಬಿಚ್ಚಿ, ಬಿಗಿದು, ಮತ್ತೆ ಬಿಚ್ಚಿ ಬಿಗಿಯಿರಿ, ಫ್ಲೇರ್ ಕೂತುಕೊಳ್ಳಲಿ. ಆಗಲೂ ಸೋರಿದರೆ ಫ್ಲೇರ್ ತಪ್ಪು.

ಮುಂದಿನ ಸಲ ಜಾಮ್ ಆಗದಿರಲು, ಜೋಡಿಸುವ ಮುಂಚೆ ಪೈಪು ನಟ್ಟಿನ ತೂತಿಗೆ ನುಗ್ಗುವ ಬೆನ್ನಿನ ಜಾಗಕ್ಕೆ ಕೆಂಪು ರಬ್ಬರ್ ಗ್ರೀಸ್ ತೆಳುವಾಗಿ ಸವರಿ. ಅದು ಬ್ರೇಕ್ ರಬ್ಬರಿಗೆ ತೊಂದರೆ ಮಾಡದು. ಫ್ಲೇರಿನ ಮುಖಕ್ಕೆ ಏನೂ ಬೇಡ. ಎಲ್ಲ ಮುಗಿದು ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೆ ನಟ್ಟಿನ ಹೊರಗೆ, ಬೆನ್ನಿನ ಸಂದಿಗೆ ದಪ್ಪವಾಗಿ ಮೆತ್ತಿಬಿಡಿ. ಕ್ಲಿಪ್ಪುಗಳನ್ನು ಬಿಡಬೇಡಿ, 30 ಸೆಂಟಿಮೀಟರಿಗೊಂದು ಇದ್ದರೆ ಪೈಪು ನಡುಗುವುದಿಲ್ಲ.

ಪೈಪು ಕುಯ್ದು ಗಾಡಿ ನಿಂತಿರುವಾಗ ಆಯಿಲ್ ಸುರಿಯದಂತೆ ಒಂದು ಉಪಾಯ: ಪೆಡಲನ್ನು ಒಂದೂವರೆ ಇಂಚು ಒತ್ತಿ, ಸೀಟಿಗೆ ಕೋಲು ಆನಿಸಿ ಹಾಗೇ ನಿಲ್ಲಿಸಿ. ಮಾಸ್ಟರ್ ಸಿಲಿಂಡರಿನ ಕಪ್, ಆಯಿಲ್ ಡಬ್ಬಿಯಿಂದ ಬರುವ ತೂತು ದಾಟಿ ಮುಂದಕ್ಕೆ ಹೋಗಿ ದಾರಿ ಮುಚ್ಚುತ್ತದೆ. ತೆರೆದ ತುದಿಗೆ ರಬ್ಬರ್ ಟೊಪ್ಪಿ ಹಾಕಿ. ಹತ್ತಿ, ಚಿಂದಿ ತುರುಕಬೇಡಿ.

ಪೈಪಿನೊಳಗೆ ಸೇರಿದ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಸೀಲ್ ಒಡೆಯದ ಅರ್ಧ ಲೀಟರಿನ ಎರಡು ಬಾಟಲಿ ಡಾಟ್ 3 ತನ್ನಿ, ಹಳೆಯದೆಲ್ಲ ತೊಳೆದು ಹೋಗಲಿ. ಡಾಟ್ 4 ಬೆರೆತರೂ ನಡೆಯುತ್ತದೆ, ಡಾಟ್ 5 ಬೇಡ, ಅದು ಸಿಲಿಕೋನ್. ಡಬ್ಬಿಯಲ್ಲಿ ಮಟ್ಟ ಅರ್ಧಕ್ಕಿಂತ ಇಳಿಯಬಾರದು. ಬಲಗಡೆ ಹಳೆ ಸಿಲಿಂಡರಿನ ಬ್ಲೀಡಿಂಗ್ ನಿಪ್ಪಲ್ (ಏರ್ ಹೊರಬಿಡುವ ಸ್ಕ್ರೂ) ಕೂಡ ಹಿಡಿದಿರುತ್ತದೆ. ಅದು ಟೊಳ್ಳು, ಸಟಕ್ಕನೆ ಮುರಿಯುತ್ತದೆ. ಆ ಸಿಲಿಂಡರನ್ನೂ ಈಗಲೇ ಬದಲಿಸಿಬಿಡಿ, ಶೂ ಎರಡೂ ಕಡೆ ಒಟ್ಟಿಗೇ ಹಾಕಿ. ಪೇಂಟ್ ಮೇಲೆ ಆಯಿಲ್ ಬಿದ್ದರೆ ಒರೆಸುವುದಲ್ಲ, ಕೂಡಲೇ ನೀರು ಸುರಿಯಿರಿ.

ಪರೀಕ್ಷೆಗೆ ಎಂಜಿನ್ ಚಾಲೂ ಇಟ್ಟು, ಒಬ್ಬರು ಎರಡೂ ಕಾಲಿನ ಬಲ ಹಾಕಿ ಪೆಡಲನ್ನು 30 ಸೆಕೆಂಡ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಪ್ರತಿ ಜಾಯಿಂಟಿಗೆ ಒಣ ಟಿಶ್ಯೂ ಕಾಗದ ಮುಟ್ಟಿಸಿ ನೋಡಲಿ. ಕಾಗದದ ಮೇಲೆ ಚುಕ್ಕೆಯಷ್ಟು ತೇವ ಕಂಡರೂ ಗಾಡಿ ಸ್ಟ್ಯಾಂಡಿನಿಂದ ಇಳಿಸಬೇಡಿ. ಮರುದಿನ ಬೆಳಗ್ಗೆ ಒಮ್ಮೆ, ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಹಾಗೇ ನೋಡಿ.

ಹೌಸಿಂಗ್ ಕೆಳಗೆ, ಚಳ್ಳಕೆರೆ

ಗೊಬ್ಬರದ ಮಾತು ಯಾರೂ ಎತ್ತಲಿಲ್ಲ. ನಮ್ಮದು ಒಣ ಸೀಮೆ, ಸಮುದ್ರದ ಉಪ್ಪುಗಾಳಿ ಇಲ್ಲ, ಆದರೂ ಪೈಪು ಹೀಗೆ ತುಕ್ಕು ಹಿಡಿಯಲು ಅದೇ ಕಾರಣ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಚೀಲದಿಂದ ಉದುರಿದ ಪುಡಿ ನೆಲಹಾಸಿನ ಸಂದಿಯಿಂದ ಇಳಿದು, ಗದ್ದೆ ದಾರಿಯ ಎರೆಮಣ್ಣಿನ ಜೊತೆ ಕ್ಲಿಪ್ಪಿನ ಕೆಳಗೆ, ಹೌಸಿಂಗ್ ಮೇಲೆ ಕೂರುತ್ತದೆ. ಯೂರಿಯಾ ಗಾಳಿಯ ತೇವ ಎಳೆದುಕೊಂಡು ಅದನ್ನು ಸದಾ ಒದ್ದೆ ಇಡುತ್ತದೆ. ಮಂಡಕ್ಕಿ ಭಟ್ಟಿಗೆ ಉಪ್ಪು ಹೊಡೆಯುವ ಗಾಡಿ, ಇಲ್ಲಿ ಸಂತೆಗೆ ಕುರಿ ತುಂಬುವ ಗಾಡಿ, ಎಲ್ಲಕ್ಕೂ ಇದೇ ಗತಿ. ಕುರಿ ಗಂಜಲ ಇನ್ನೂ ಬೇಗ ತಿನ್ನುತ್ತದೆ.

ಗೊಬ್ಬರ ಹೊಡೆಯುವಾಗ ನೆಲಕ್ಕೆ ಒಂದೇ ತುಂಡಿನ ದಪ್ಪ ಟಾರ್ಪಾಲ್ ಹಾಸಿ, ಅಂಚು ಅರ್ಧ ಅಡಿ ಮೇಲಕ್ಕೆ ಮಡಚಿ. ಸೀಸನ್ ಮುಗಿದ ವಾರದಲ್ಲೇ ತಳಕ್ಕೆ ಸಾದಾ ನೀರು ಹೊಡೆಸಿ. ಮೊದಲು ಮಣ್ಣು ನೆನೆಯಲು ಅರ್ಧ ಗಂಟೆ ಬಿಡಿ, ಕ್ಲಿಪ್ಪಿನ ಹಿಂದೆ, ಸ್ಪ್ರಿಂಗ್ ಪ್ಲೇಟಿನ ಮೇಲೆ, ಟೀ ಸುತ್ತ ನೀರಿನ ಪೈಪ್ ತೂರಿಸಿ ತೊಳೆಯಿರಿ. ತೊಳೆದ ಮೇಲೆ ಗಾಡಿ ಹತ್ತು ಕಿಲೋಮೀಟರ್ ಓಡಿಸಿ ತಳ ಒಣಗಿಸಿ. ಡ್ರಮ್ಮಿಗೆ ನೀರು ಹೋಗಿರುತ್ತೆ, ಮೊದಲ ಒಂದು ಕಿಲೋಮೀಟರ್ ಮೆಲ್ಲಗೆ ಬ್ರೇಕ್ ಒತ್ತುತ್ತಾ ಹೋಗಿ.